ಪೊಟರೆಯ ಮರವೇ ಮಂಗಟ್ಟೆಯ ಮನೆ

ಪಶ್ಚಿಮ ಘಟ್ಟದ ದಟ್ಟ ಕಾಡಿನಲ್ಲಿ ದೊಡ್ಡ ಮಂಗಟ್ಟೆ ಹಾರಿದರೆ ನಾವು ತಲೆಯೆತ್ತುವ ಮೊದಲೇ ಅದರ ರೆಕ್ಕೆಯ ಸದ್ದು ಕೇಳಿಸುತ್ತದೆ. ಹಬೆಯ ರೈಲು ಏದುಸಿರು ಬಿಟ್ಟಂತಹ ಸದ್ದು ಅದು. ಮೂರು, ಮೂರೂವರೆ ಅಡಿ ಉದ್ದದ ಈ ಹಕ್ಕಿ ಭಾರತದಿಂದ ಸುಮಾತ್ರಾದವರೆಗಿನ ಕಾಡುಗಳಲ್ಲಿದೆ. ಕೇರಳ ಮತ್ತು ಅರುಣಾಚಲ ಪ್ರದೇಶಗಳ ರಾಜ್ಯಪಕ್ಷಿಯೂ ಹೌದು. ಹಳದಿ ಕೊಕ್ಕಿನ ಮೇಲೆ ಟೊಪ್ಪಿಗೆ ಇಟ್ಟಂತಹ ಉಬ್ಬು ನೋಡಲು ಭಾರವೆನಿಸಿದರೂ ಒಳಗೆ ಟೊಳ್ಳು. ಗಂಡಿನ ಕಣ್ಣು ಕೆಂಪು, ಹೆಣ್ಣಿನದ್ದು ಬಿಳಿ.

ಇದರ ಸಂಸಾರದ ರೀತಿಯೇ ಬೇರೆ. ಅಷ್ಟು ದೊಡ್ಡ ಕೊಕ್ಕಿದ್ದರೂ ಮರಕುಟಿಗನಂತೆ ಮರ ಕೊರೆಯಲು ಇದಕ್ಕೆ ಬರುವುದಿಲ್ಲ. ತಾನಾಗಿ ಉಂಟಾದ ಪೊಟರೆಯೇ ಬೇಕು. ಮೊಟ್ಟೆಯಿಡುವ ಕಾಲ ಬಂದಾಗ ಹೆಣ್ಣು ಪೊಟರೆಯೊಳಗೆ ಹೋಗಿ, ತನ್ನ ಹಿಕ್ಕೆ ಹಾಗೂ ಹಣ್ಣಿನ ಚೂರುಗಳಿಂದ ಬಾಗಿಲನ್ನು ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಒಳಗೆ ಅದರ ಹಾರುವ ಗರಿಗಳೂ ಉದುರುತ್ತವೆ. ಒಂದೆರಡು ಮೊಟ್ಟೆ, ಸುಮಾರು 40 ದಿನದ ಕಾವು. ಅಲ್ಲಿಂದ ಮುಂದೆಯೂ ವಾರಗಟ್ಟಲೆ ಗಂಡೇ ಆಲ, ಅತ್ತಿ, ರಾಮಪತ್ರೆಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಸೀಳಿನ ಮೂಲಕ ಕೊಡಬೇಕು. ಮರಿ ಬಲಿತ ಮೇಲೆ ತಾಯಿ ಬಾಗಿಲು ಒಡೆದು ಹೊರಬಂದರೆ, ಒಳಗಿನ ಮರಿ ಅದನ್ನು ಮತ್ತೆ ಮೆತ್ತಿಕೊಳ್ಳುತ್ತದೆ!

ಆದ್ದರಿಂದಲೇ ಈ ದಿನಗಳಲ್ಲಿ ಗಂಡಿಗೆ ಗುಂಡು ಬಿದ್ದರೆ ಸಾಯುವುದು ಒಂದು ಹಕ್ಕಿ ಮಾತ್ರವಲ್ಲ. ಗೂಡಿನೊಳಗಿನವುಗಳೂ ಹಸಿವಿನ ಬಾಯಿಗೆ ಬೀಳುತ್ತವೆ. ಇನ್ನು ಮರದ ವಿಷಯ. 'ಪೊಳ್ಳು ಮರ, ಯಾವ ಕೆಲಸಕ್ಕೂ ಬಾರದು' ಎಂದು ನಾವು ಕಡಿಯುವುದು ಇಂತಹ ಮರವನ್ನೇ. ಒಂದೇ ಪೊಟರೆಗೆ ವರ್ಷ ವರ್ಷವೂ ಮರಳುವ ಮಂಗಟ್ಟೆಗೆ ಬದಲಿ ಮನೆ ಬೇಗ ಸಿಗುವುದಿಲ್ಲ, ಏಕೆಂದರೆ ಅಷ್ಟು ದಪ್ಪದ ಮರ ಬೆಳೆಯಲು ನಮ್ಮ ಹಲವು ತಲೆಮಾರುಗಳು ಬೇಕು. ಕಾಡಿಗೂ ಇದರಿಂದ ನಷ್ಟವೇ. ದೊಡ್ಡ ಬೀಜದ ಹಣ್ಣುಗಳನ್ನು ಇಡಿಯಾಗಿ ನುಂಗಿ, ಬೀಜವನ್ನು ದೂರ ಒಯ್ದು ಉಗುಳುವ ಹಕ್ಕಿಗಳು ಹೆಚ್ಚಿಲ್ಲ.

2018ರಿಂದ ಇದು ಅಪಾಯಕ್ಕೆ ಸಿಲುಕಬಹುದಾದ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿದೆ. ಕರ್ನಾಟಕದಲ್ಲಿ 2011ರಲ್ಲಿ ಕಾಳಿ ನದಿಯ ಬದಿಯ ದಾಂಡೇಲಿ ಕಾಡುಗಳನ್ನು ಮಂಗಟ್ಟೆ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನಮಗೆ ಹೆಚ್ಚು ಮೆಚ್ಚುಗೆಯಾದುದು ಅರುಣಾಚಲದ ಕೆಲಸ. ಅಲ್ಲಿನ ನಿಶಿ ಜನರ ಸಾಂಪ್ರದಾಯಿಕ ಟೊಪ್ಪಿಗೆಗೆ ಮಂಗಟ್ಟೆಯ ಕೊಕ್ಕೇ ಬೇಕಿತ್ತು. ಈಗ ಅನೇಕರು ಕೃತಕ ಕೊಕ್ಕನ್ನು ಸಿಕ್ಕಿಸಿಕೊಳ್ಳುತ್ತಾರೆ. ಪಕ್ಕೆ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಹಳ್ಳಿಗಳಲ್ಲಂತೂ, ಹಿಂದೆ ಬೇಟೆಯಾಡುತ್ತಿದ್ದವರೇ ಕೆಲವರು ಗೂಡಿನ ಮರಗಳಿಗೆ ಕಾವಲು ನಿಂತಿದ್ದಾರೆ.