ಇನ್ನೂರು ಮೀಟರಿನ ಆಚೆ

ಲೈಂಗಿಕ ವೃತ್ತಿ ನಮ್ಮ ದೇಶದಲ್ಲಿ ಅಪರಾಧ ಎಂಬುದು ಬಹಳ ಜನರ ನಂಬಿಕೆ. 2022ರ ಮೇ ತಿಂಗಳಿಂದೀಚೆಗೆ ಇದಕ್ಕೆ ತದ್ವಿರುದ್ಧವಾದ ನಂಬಿಕೆಯೊಂದೂ ಹಬ್ಬಿದೆ: ಸುಪ್ರೀಂ ಕೋರ್ಟ್ ಅದನ್ನು ಕಾನೂನುಬದ್ಧ ಮಾಡಿಬಿಟ್ಟಿತಂತೆ. ಎರಡೂ ನಿಜವಲ್ಲ. ಪೊಲೀಸ್ ಠಾಣೆಗಳಲ್ಲಿ ‘ಪಿಟಾ’ ಎಂದು ಕರೆಯುವ 1956ರ ಕಾಯ್ದೆಯನ್ನು ತೆರೆದು ನೋಡಿದರೆ, ವಯಸ್ಕ ಹೆಂಗಸೊಬ್ಬಳು ಹಣ ಪಡೆದು ಲೈಂಗಿಕ ಸಂಪರ್ಕಕ್ಕೆ ಒಪ್ಪುವುದನ್ನೇ ಅಪರಾಧ ಎನ್ನುವ ಸೆಕ್ಷನ್ ಅದರಲ್ಲಿ ಸಿಗುವುದಿಲ್ಲ. ಅಪರಾಧವಾಗಿರುವುದು ಅದರ ಸುತ್ತಲಿನದೆಲ್ಲ. 3ನೇ ಸೆಕ್ಷನ್ ಪ್ರಕಾರ ವೇಶ್ಯಾಗೃಹ ನಡೆಸುವುದು ತಪ್ಪು, ಗೊತ್ತಿದ್ದೂ ಅದಕ್ಕೆ ಮನೆ ಬಾಡಿಗೆಗೆ ಕೊಡುವುದೂ ತಪ್ಪು. 4ನೇ ಸೆಕ್ಷನ್ ಪ್ರಕಾರ ಅವಳ ಸಂಪಾದನೆಯ ಮೇಲೆ ಬದುಕುವ, ಹದಿನೆಂಟು ದಾಟಿದ ಯಾರೇ ಆದರೂ ಆರೋಪಿಯಾಗಬಹುದು. ಕಾಲೇಜಿಗೆ ಹೋಗುವ ಮಗನಿಗೂ ಮೂಲೆ ಹಿಡಿದ ತಾಯಿಗೂ ಅಲ್ಲಿ ವಿನಾಯಿತಿ ಬರೆದಿಲ್ಲ. 7ನೇ ಸೆಕ್ಷನ್ ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಂದ 200 ಮೀಟರ್ ಒಳಗೆ ಈ ವೃತ್ತಿ ಕೂಡದು ಎನ್ನುತ್ತದೆ. ಓದುವಾಗ ನ್ಯಾಯವಾಗಿಯೇ ಕಾಣುವ ಈ ಮಾತನ್ನು ಪಶ್ಚಿಮ ಬೆಂಗಳೂರಿನ ನಕ್ಷೆಯ ಮೇಲಿಟ್ಟು ನೋಡಬೇಕು. ರಾಜಾಜಿನಗರದ ರಾಮಮಂದಿರದಿಂದ ಒಂದು ವೃತ್ತ, ಇಎಸ್‌ಐ ಆಸ್ಪತ್ರೆಯಿಂದ ಇನ್ನೊಂದು, ಕಾರ್ಡ್ ರೋಡಿನ ಇಸ್ಕಾನ್‌ನಿಂದ ಮತ್ತೊಂದು, ವಿಜಯನಗರದ ಮಾರುತಿ ಮಂದಿರದಿಂದ ಮಗದೊಂದು ಎಳೆಯುತ್ತಾ ಹೋಗಿ. ಬೀದಿಗೊಂದು ಗಣಪತಿ ಗುಡಿ, ಎರಡು ಬೀದಿಗೊಂದು ಕಾನ್ವೆಂಟು ಇರುವ ಬಸವೇಶ್ವರನಗರದಲ್ಲಿ ವೃತ್ತಗಳು ಒಂದರ ಮೇಲೊಂದು ಬಿದ್ದು, ಕೆಂಗೇರಿ ಉಪನಗರ ಮುಟ್ಟುವಷ್ಟರಲ್ಲಿ ನಕ್ಷೆಯಲ್ಲಿ ಖಾಲಿ ಜಾಗ ಹುಡುಕಬೇಕಾಗುತ್ತದೆ. ಇನ್ನು ಗಿರಾಕಿಯನ್ನು ಕರೆಯುವುದಕ್ಕೆ 8ನೇ ಸೆಕ್ಷನ್. ಹೆಂಗಸು ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ಅದೇ ತಪ್ಪನ್ನು ಗಂಡಸು ಮಾಡಿದರೆ ಹೆಚ್ಚೆಂದರೆ ಮೂರು ತಿಂಗಳು. ಈ ಲೆಕ್ಕ ಯಾವ ನ್ಯಾಯಕ್ಕೆ ಸರಿಹೊಂದುತ್ತದೋ, ಕಾಯ್ದೆ ಬರೆದವರೇ ಹೇಳಬೇಕು.

ಕಾಯ್ದೆಯಲ್ಲಿ ನನಗೆ ಎಲ್ಲಕ್ಕಿಂತ ಅಪಾಯಕಾರಿ ಅನ್ನಿಸುವುದು ವೇಶ್ಯಾಗೃಹದ ವ್ಯಾಖ್ಯಾನ. ಬೇರೊಬ್ಬರ ಲಾಭಕ್ಕಾಗಿ ಬಳಸುವ ಜಾಗ ಮಾತ್ರವಲ್ಲ, ಇಬ್ಬರು ಅಥವಾ ಹೆಚ್ಚು ಲೈಂಗಿಕ ಕಾರ್ಯಕರ್ತೆಯರು ತಮ್ಮ ಪರಸ್ಪರ ಲಾಭಕ್ಕೆ ಬಳಸುವ ಕೋಣೆಯೂ ವೇಶ್ಯಾಗೃಹವೇ. ಒಬ್ಬಳು ಒಳಗಿರುವಾಗ ಇನ್ನೊಬ್ಬಳು ಹೊರಗೆ ಕಿವಿಗೊಟ್ಟು ಕೂತಿರಲಿ ಎಂದು ಗೆಳತಿಯರಿಬ್ಬರು ಸೇರಿ ರೂಮು ಹಿಡಿದರೆ ಅವರು ಮೂರನೇ ಸೆಕ್ಷನ್ನಿನ ಒಳಕ್ಕೆ ಬಂದರು. ಒಂಟಿಯಾಗಿ, ಮುಖಪರಿಚಯವೂ ಇಲ್ಲದವನ ಬೈಕೋ ಆಟೋನೋ ಹತ್ತಿ ಊರ ಹೊರಗೆ ಹೋದರೆ ಬರಲಿಲ್ಲ. ಜತೆಗೂಡಿದರೆ ಕೇಸು, ಒಂಟಿಯಾದರೆ ಅಪಾಯ. ಭದ್ರತೆಗಾಗಿ ಮನುಷ್ಯರು ಮಾಡಿಕೊಳ್ಳುವ ಅತಿ ಸಹಜವಾದ ಏರ್ಪಾಡನ್ನೇ ಕಾನೂನು ಶಿಕ್ಷಿಸುತ್ತದೆ ಎಂಬುದು ಮನಸ್ಸಿಗೆ ಹೊಕ್ಕರೆ ಉಳಿದ ತಪ್ಪು ಕಲ್ಪನೆಗಳ ಬುಡವೂ ಕಾಣತೊಡಗುತ್ತದೆ.

ಸುಪ್ರೀಂ ಕೋರ್ಟಿನ ವಿಷಯವನ್ನು ಬೇಗ ಮುಗಿಸಬಹುದು. 1999ರಲ್ಲಿ ಕೋಲ್ಕತ್ತದಲ್ಲಿ ನಡೆದ ಲೈಂಗಿಕ ಕಾರ್ಯಕರ್ತೆಯೊಬ್ಬರ ಕೊಲೆ ಪ್ರಕರಣದ ಮೇಲ್ಮನವಿಯನ್ನು 2011ರಲ್ಲಿ ವಜಾ ಮಾಡಿದ ನ್ಯಾಯಾಲಯ, ಅಲ್ಲಿಗೇ ಬಿಡದೆ ಈ ಹೆಂಗಸರ ಬದುಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು. ಆ ಸಮಿತಿಯ ಶಿಫಾರಸುಗಳ ಮೇಲೆ 2022ರ ಮೇ 19ರಂದು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರ ಪೀಠ ಆದೇಶ ಕೊಟ್ಟಿತು. ಅತ್ಯಾಚಾರಕ್ಕೊಳಗಾದ ಲೈಂಗಿಕ ಕಾರ್ಯಕರ್ತೆಗೂ ಉಳಿದ ಸಂತ್ರಸ್ತೆಯರಿಗೆ ಸಿಗುವ ನೆರವೆಲ್ಲ ಸಿಗಬೇಕು, ಪೊಲೀಸರು ಅವರನ್ನು ಗೌರವದಿಂದ ಕಾಣಬೇಕು, ಮಾಧ್ಯಮದವರು ಮುಖ ತೋರಿಸಬಾರದು, ಕಾಂಡೋಮನ್ನು ಅಪರಾಧದ ಸಾಕ್ಷ್ಯವಾಗಿ ಬಳಸಬಾರದು ಎಂಬಿವನ್ನು ರಾಜ್ಯಗಳು ಪಾಲಿಸಲೇಬೇಕು ಎಂದಿತು. ವಯಸ್ಕಳು ಒಪ್ಪಿಗೆಯಿಂದ ಈ ವೃತ್ತಿಯಲ್ಲಿದ್ದರೆ ಪೊಲೀಸರು ಕೈಹಾಕಬಾರದು ಎಂಬ ಶಿಫಾರಸೂ ಸೇರಿ ಕೆಲವುಗಳ ಮೇಲೆ ಕೇಂದ್ರ ಸರ್ಕಾರದ ತಕರಾರಿತ್ತು. ಪತ್ರಿಕೆಗಳ ತಲೆಬರಹಕ್ಕೆ ಹೋದದ್ದು ಆ ಶಿಫಾರಸೇ. ಪಿಟಾ ಕಾಯ್ದೆಯ ಒಂದು ಅಕ್ಷರವೂ ಬದಲಾಗಿಲ್ಲ.

ಆ ಆದೇಶದಲ್ಲಿ ಕಾಂಡೋಮಿಗೇಕೆ ಜಾಗ ಸಿಕ್ಕಿತು ಎಂಬುದು ಗೊತ್ತಾಗಬೇಕಾದರೆ ಇನ್ನೊಂದು ನಂಬಿಕೆಗೆ ಬರಬೇಕು. ರೋಗ ಹರಡುವುದು ಇವರಿಂದ, ಇವರನ್ನು ಓಡಿಸಿದರೆ ಊರು ಆರೋಗ್ಯವಾಗಿರುತ್ತದೆ ಎನ್ನುವ ನಂಬಿಕೆ ಅದು. ಇದನ್ನು ಪರೀಕ್ಷಿಸಲು ಬೇಕಾದ ಸಾಕ್ಷ್ಯ ಕರ್ನಾಟಕದಲ್ಲಿರುವಷ್ಟು ಜಗತ್ತಿನ ಹೆಚ್ಚು ಕಡೆ ಇಲ್ಲ. 2003ರ ನಂತರ ಗೇಟ್ಸ್ ಪ್ರತಿಷ್ಠಾನದ, ಎಚ್‌ಐವಿ ತಡೆಯುವ ‘ಆವಾಹನ್’ ಕಾರ್ಯಕ್ರಮ ಇಲ್ಲಿಗೆ ಬಂತು. ರಾಜಾಜಿನಗರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಹಳ ವರ್ಷ ಕಚೇರಿ ಇಟ್ಟುಕೊಂಡಿದ್ದ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಜಿಲ್ಲೆ ಜಿಲ್ಲೆಗಳಲ್ಲಿ ಅದರ ಕೆಲಸ ನೋಡಿಕೊಂಡಿತು. ಮೈಸೂರಿನಲ್ಲಿ ಮುಂದೆ ‘ಆಶೋದಯ ಸಮಿತಿ’ಯಾಗಿ ಬೆಳೆದ ಹೆಂಗಸರೇ ಓಡಾಡಿ ಕಾಂಡೋಮ್ ಹಂಚಿದರು, ತಮ್ಮವರನ್ನು ಕ್ಲಿನಿಕ್ಕಿಗೆ ಕರೆತಂದರು, ಠಾಣೆಯಲ್ಲಿ ಸಿಕ್ಕಿಕೊಂಡವರನ್ನು ಬಿಡಿಸಿಕೊಂಡು ಬಂದರು. 2004ರಲ್ಲಿ ಒಂದು ಸಮೀಕ್ಷೆ, ಮೂವತ್ತು ತಿಂಗಳ ನಂತರ ಇನ್ನೊಂದು. ಅಪರೂಪದ ಗಿರಾಕಿಯೊಂದಿಗೆ ಕೊನೆಯ ಸಲ ಕಾಂಡೋಮ್ ಬಳಸಿದೆವು ಎಂದವರ ಪ್ರಮಾಣ ಶೇ 65ರಿಂದ ಶೇ 90ಕ್ಕೇರಿತು. ಬಾಯಿಮಾತನ್ನು ಹೇಗೆ ನಂಬುವುದು ಎಂದು ಯಾರಾದರೂ ಕೇಳಬಹುದು, ಕೇಳುವುದೂ ಸರಿಯೇ. ಆದರೆ ಪ್ರಯೋಗಾಲಯಕ್ಕೆ ಸಂಕೋಚವಿಲ್ಲ. ಸಿಫಿಲಿಸ್ ಶೇ 25ರಿಂದ 12ಕ್ಕೂ, ಗೊನೊರಿಯಾ ಶೇ 5ರಿಂದ 2ಕ್ಕೂ ಇಳಿದಿತ್ತು. ಎಚ್‌ಐವಿ ಮಾತ್ರ ಶೇ 26ರ ಜಾಗದಲ್ಲಿ ಶೇ 24 ಇತ್ತು, ಅಂದರೆ ಇದ್ದಲ್ಲೇ ಇತ್ತು. ಸಿಫಿಲಿಸ್‌ನಂತೆ ಅದು ವಾಸಿಯಾಗುವ ರೋಗವಲ್ಲ. ಒಮ್ಮೆ ಬಂದದ್ದು ಲೆಕ್ಕದಲ್ಲಿ ಉಳಿಯುತ್ತದೆ, ಹಾಗಾಗಿ ಆ ಅಂಕಿ ಮೆಲ್ಲಗೆ ಕರಗುತ್ತದೆ. ಬೆಂಗಳೂರೂ ಸೇರಿ ಐದು ಜಿಲ್ಲೆಗಳ ಲೆಕ್ಕ ಒಟ್ಟು ಹಾಕಿದಾಗ ಅದೂ ಶೇ 19.6ರಿಂದ 16.4ಕ್ಕೆ ಇಳಿದದ್ದು ಕಂಡಿತು. ಓಡಿಸಿದ್ದರಿಂದ ಆದ ಇಳಿಕೆ ಇದಲ್ಲ. ಹುಡುಕಿ ಹೋಗಿ, ಜತೆಗೆ ಕೂತು ಮಾತಾಡಿದ್ದರಿಂದ ಆದದ್ದು. ಆದರೆ ಬ್ಯಾಗಿನಲ್ಲಿ ಕಾಂಡೋಮ್ ಸಿಕ್ಕರೆ ಪೊಲೀಸರು ಕೇಸು ಹಾಕುತ್ತಾರೆ ಎಂದಾದರೆ ಯಾರು ತಾನೆ ಅದನ್ನು ಇಟ್ಟುಕೊಂಡು ತಿರುಗುತ್ತಾರೆ? ಸರ್ಕಾರದ ಒಂದು ಕೈ ಹಂಚಿದ್ದನ್ನು ಇನ್ನೊಂದು ಕೈ ಸಾಕ್ಷ್ಯ ಎಂದು ಜಪ್ತಿ ಮಾಡುತ್ತಿತ್ತು.

ಇದರ ಜತೆಗೇ ಓದಬೇಕಾದ ಇನ್ನೊಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕರ್ನಾಟಕದ ಲೈಂಗಿಕ ಕಾರ್ಯಕರ್ತೆಯರ ಮೇಲಿನ ಹಿಂಸೆ ಅದರ ವಿಷಯ. ಎದುರು ಕೂತು ಪ್ರಶ್ನೆ ಕೇಳಿದಾಗ, ಹಿಂದಿನ ಒಂದು ವರ್ಷದಲ್ಲಿ ಹೊಡೆತ ತಿಂದಿದ್ದೇವೆ ಅಥವಾ ಅತ್ಯಾಚಾರಕ್ಕೊಳಗಾಗಿದ್ದೇವೆ ಎಂದವರು ಶೇ 11. ಮತಗಟ್ಟೆಯ ಮಾದರಿಯಲ್ಲಿ ಕೇಳಿದಾಗ, ಅಂದರೆ ಪ್ರತಿಯೊಬ್ಬಳೂ ಮರೆಯಲ್ಲಿ ಕೂತು, ಹೆಸರಿಲ್ಲದ ಚೀಟಿಯನ್ನು ‘ಹೌದು’ ಅಥವಾ ‘ಇಲ್ಲ’ದ ಪೆಟ್ಟಿಗೆಗೆ ಹಾಕಿದಾಗ, ಅದೇ ಅಂಕಿ ಶೇ 26.4. ಹಿಂಸೆ ಎಷ್ಟಿದೆ ಎನ್ನುವುದರ ಜತೆಗೆ ಬಾಯಿಬಿಡಲು ಎಷ್ಟು ಭಯವಿದೆ ಎಂಬುದನ್ನೂ ಈ ಎರಡು ಅಂಕಿಗಳ ಅಂತರ ಹೇಳುತ್ತದೆ. ಹಿಂಸೆ ಅನುಭವಿಸದವರಲ್ಲಿ ಶೇ 75.5ರಷ್ಟು ಮಂದಿ ಹಿಂದಿನ ತಿಂಗಳು ಪ್ರತಿ ಸಲವೂ ಕಾಂಡೋಮ್ ಬಳಸಿದ್ದರು. ಹಿಂಸೆಗೊಳಗಾದವರಲ್ಲಿ ಹಾಗೆ ಮಾಡಲು ಆದದ್ದು ಶೇ 55.4ರಷ್ಟು ಮಂದಿಗೆ. ಗೊನೊರಿಯಾ ಅವರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟು. ಪೆಟ್ಟು ತಿಂದವಳು ಚೌಕಾಸಿ ಮಾಡಲಾರಳು ಎನ್ನುವುದಕ್ಕೆ ಅಂಕಿ ಬೇಕಿರಲಿಲ್ಲ ನಿಜ, ಆದರೂ ಈಗ ಅಂಕಿಯೂ ಇದೆ. ವಕೀಲರ ನೆರವು, ಪೊಲೀಸರಿಗೆ ತರಬೇತಿ, ತೊಂದರೆ ಎಂದ ಕೂಡಲೇ ಓಡಿಬರುವ ಸಂಗಾತಿಗಳ ತಂಡ ಇವೆಲ್ಲ ಬಂದ ಮೇಲೆ, ಆ ಗುಪ್ತ ಚೀಟಿಗಳಲ್ಲಿ ಹಿಂಸೆ ದಾಖಲಿಸಿದವರ ಪ್ರಮಾಣ ಗಮನಾರ್ಹವಾಗಿ ಇಳಿದಿತ್ತು. ಉಳಿದದ್ದೂ ಘೋರವೇ, ಅದನ್ನು ಯಶಸ್ಸು ಎಂದು ಕರೆಯಲು ನಾಲಿಗೆ ಏಳುವುದಿಲ್ಲ. ಆದರೆ ಯಾವ ದಾರಿಯಲ್ಲಿ ನಡೆದರೆ ಅದು ಇಳಿಯುತ್ತದೆ ಎಂಬುದರಲ್ಲಿ ಗೊಂದಲ ಉಳಿದಿಲ್ಲ.

ಮುಂಬೈಯ ಕಾಮಾಟಿಪುರದಂಥ, ಕೋಲ್ಕತ್ತದ ಸೋನಾಗಾಚಿಯಂಥ ಕೇರಿ ಬೆಂಗಳೂರಿನಲ್ಲಿಲ್ಲ. ಬಸ್ ನಿಲ್ದಾಣ, ಮಾರ್ಕೆಟ್ಟು, ಲಾಡ್ಜು, ಬಾಡಿಗೆ ಮನೆ, ಈಗ ಎಲ್ಲಕ್ಕಿಂತ ಹೆಚ್ಚಾಗಿ ಮೊಬೈಲು, ಹೀಗೆ ಹರಡಿಕೊಂಡ ವೃತ್ತಿ ಇದು. ಹಾಗಾಗಿ ಇಲ್ಲಿ ಸಂಘಟನೆ ಕಷ್ಟ, ಅದಕ್ಕೇ ಅದು ಇನ್ನಷ್ಟು ಬೇಕು. ಬೀದಿಯಲ್ಲಿ ದುಡಿಯುವವರ ಸಾಧನಾ ಮಹಿಳಾ ಸಂಘ, 2005ರಿಂದ ‘ಸ್ವಸ್ತಿ’ ಸಂಸ್ಥೆಯ ಜತೆ ‘ಪ್ರಗತಿ’ ಕಾರ್ಯಕ್ರಮ ನಡೆಸಿ ಕ್ಲಿನಿಕ್ಕಿನ ಜತೆಗೆ ಉಳಿತಾಯ, ಸಾಲದ ವ್ಯವಸ್ಥೆಯನ್ನೂ ಕಟ್ಟಿದ ಸ್ವಾತಿ ಮಹಿಳಾ ಸಂಘ, 2006ರಲ್ಲಿ ಹುಟ್ಟಿದ ಕರ್ನಾಟಕ ಲೈಂಗಿಕ ಕಾರ್ಯಕರ್ತರ ಯೂನಿಯನ್: ಈ ಊರಿನ ಪಟ್ಟಿ ಚಿಕ್ಕದಲ್ಲ. ಲೈಂಗಿಕ ಕಾರ್ಯಕರ್ತರಲ್ಲಿ ಹಿಜ್ಡಾ ಸಮುದಾಯದವರೂ ‘ಕೋಥಿ’ (ಹೆಣ್ಣಿನ ನಡೆನುಡಿಯ ಗಂಡಸರು) ಸಮುದಾಯದವರೂ ಇದ್ದಾರೆ. ಬೆಂಗಳೂರಿನಲ್ಲಿ ಅವರ ಮೇಲೆ ನಡೆಯುವ ದೌರ್ಜನ್ಯವನ್ನು ಮಾನವ ಹಕ್ಕು ಸಂಘಟನೆ ಪಿಯುಸಿಎಲ್ ಕರ್ನಾಟಕ 2003ರಷ್ಟು ಹಿಂದೆಯೇ ವರದಿ ಮಾಡಿತ್ತು. ಲೈಂಗಿಕ ಕಾರ್ಯಕರ್ತರ ಬಗ್ಗೆ ಮಾತಾಡುವಾಗ ಬರೀ ಹೆಂಗಸರನ್ನು ನೆನೆಯುವುದೂ ಒಂದು ತಪ್ಪು ಕಲ್ಪನೆಯೇ.

ಇನ್ನು ಆಕ್ಷೇಪಗಳು. ಅವುಗಳಲ್ಲಿ ತೂಕದ್ದು ಒಂದಿದೆ: ಇವರಲ್ಲಿ ಬಹಳ ಮಂದಿಯನ್ನು ಮಾರಿ ತಂದಿರುತ್ತಾರೆ, ಹಕ್ಕಿನ ಮಾತಾಡಿದರೆ ದಲ್ಲಾಳಿಗಳಿಗೆ ಲಾಭವಾಗುತ್ತದೆ ಎನ್ನುವುದು. ಹದಿನೆಂಟು ತುಂಬದ ಹುಡುಗಿಯ ವಿಷಯದಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ, ಅದು ಪೋಕ್ಸೊ ಕಾಯ್ದೆಯ ಪ್ರಕಾರ ಘೋರ ಅಪರಾಧ. ವಯಸ್ಕಳನ್ನು ಬಲವಂತವಾಗಿ ಸಾಗಿಸುವುದೂ ಬೇರೆಯೇ ಆದ ದೊಡ್ಡ ಅಪರಾಧ. ಉತ್ತರ ಕರ್ನಾಟಕದಲ್ಲಿ ದೇವದಾಸಿ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿದ್ದೂ ಇಂಥದೇ ಕಾರಣಕ್ಕೆ. ಇವುಗಳಲ್ಲಿ ಯಾವ ಯೂನಿಯನ್ನಿನ ತಕರಾರೂ ಇಲ್ಲ. ತಕರಾರಿರುವುದು ಎಲ್ಲರನ್ನೂ ಒಂದೇ ವ್ಯಾನಿಗೆ ತುಂಬುವ ಬಗ್ಗೆ. ಪುಣೆಯ ಸಂಶೋಧಕರು ಹದಿನಾಲ್ಕು ರಾಜ್ಯಗಳ 3,000 ಹೆಂಗಸರನ್ನು ಮಾತಾಡಿಸಿ ಬರೆದ ಸಮೀಕ್ಷೆಯಲ್ಲಿ, ಈ ವೃತ್ತಿಗೆ ಬರುವ ಮುಂಚೆ ಮನೆಗೆಲಸ, ಕೂಲಿ, ಕಟ್ಟಡದ ಕೆಲಸ ಮಾಡಿದವರು ದೊಡ್ಡ ಸಂಖ್ಯೆಯಲ್ಲಿ ಸಿಕ್ಕರು. ಆ ಕೂಲಿಯಲ್ಲಿ ಸಂಸಾರ ಸಾಗಲಿಲ್ಲ. ಬಡತನದಲ್ಲಿ ಮಾಡಿದ ಆಯ್ಕೆ ನಿಜವಾದ ಆಯ್ಕೆಯೇ ಎಂದು ಕೇಳಬಹುದು. ಕೇಳಲಿ, ನಮ್ಮ ಸ್ತ್ರೀವಾದಿಗಳಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಆದರೆ ಆ ಪ್ರಶ್ನೆಯನ್ನು ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳಿಗೂ ಸಿಮೆಂಟು ಹೊರುವವಳಿಗೂ ಕೇಳಬೇಕಾಗುತ್ತದೆ, ಅವರ ಸ್ಥಿತಿ ಕೆಟ್ಟದ್ದೆಂದು ಅವರನ್ನು ನಾವು ಲಾಕಪ್ಪಿಗೆ ಹಾಕುವುದಿಲ್ಲ. ಸಾಗಾಣಿಕೆಯ ಬಗ್ಗೆ ನಿಜವಾದ ಕಳಕಳಿ ಇರುವವರು ಯೋಚಿಸಬೇಕಾದದ್ದು ಇದು: ಲಾಡ್ಜಿಗೆ ಹೊಸದಾಗಿ ಬಂದ ಹುಡುಗಿ ಅಳುತ್ತಿದ್ದಾಳೆ ಎಂಬುದು ಮೊದಲು ಗೊತ್ತಾಗುವುದು ಅಲ್ಲಿಗೆ ಬಂದುಹೋಗುವ ಇತರ ಹೆಂಗಸರಿಗೆ. ಠಾಣೆಗೆ ಹೋದರೆ ತನ್ನ ಮೇಲೇ ಕೇಸು ಬೀಳುತ್ತದೆ ಎನ್ನುವವಳು ಆ ಸುದ್ದಿಯನ್ನು ಯಾರಿಗೆ ಮುಟ್ಟಿಸುತ್ತಾಳೆ?

ಪುನರ್ವಸತಿ ಕೊಟ್ಟರೆ ಸಾಲದೇ ಎನ್ನುವವರಿಗೆ ಉತ್ತರ ಇಷ್ಟೇ: ಬೇಕೆಂದು ಕೇಳಿದವಳಿಗೆ ಕೊಡಲಿ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ‘ಚೇತನ’ ಯೋಜನೆ ಅಂಥದ್ದು, ಅದರಿಂದ ಸಣ್ಣ ವ್ಯಾಪಾರ ಶುರುಮಾಡಬಹುದು. ಆದರೆ ಪಿಟಾದ 17ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ವಯಸ್ಕಳೊಬ್ಬಳನ್ನು ಒಂದರಿಂದ ಮೂರು ವರ್ಷದವರೆಗೆ ರಕ್ಷಣಾ ಗೃಹದಲ್ಲಿ ಇಡಬಹುದು. ಅಷ್ಟು ದಿನ ಅವಳ ಮಕ್ಕಳ ಫೀಸು, ಮನೆ ಬಾಡಿಗೆ ಯಾರು ಕಟ್ಟಬೇಕು ಎಂಬುದು ಆ ಸೆಕ್ಷನ್ನಿನಲ್ಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಹೀಗೆ ಇರಿಸಿದ್ದ ಮೂವರನ್ನು ಬಿಡುಗಡೆ ಮಾಡುತ್ತಾ, ವಯಸ್ಕ ಹೆಂಗಸಿಗೆ ತನಗೆ ಬೇಕಾದ ವೃತ್ತಿ ಆರಿಸಿಕೊಳ್ಳುವ ಹಕ್ಕಿದೆ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್, ಲಾಕ್‌ಡೌನಿನಲ್ಲಿ ಒಲೆ ಹೊತ್ತದೆ ಕೂತಿದ್ದ ಲೈಂಗಿಕ ಕಾರ್ಯಕರ್ತೆಯರಿಗೆ ಗುರುತಿನ ಚೀಟಿ ಕೇಳದೆ ರೇಷನ್ ಕೊಡಿ ಎಂದು ರಾಜ್ಯಗಳಿಗೆ ಹೇಳಿತು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಬಾಗಿಲು ಕಾರ್ಖಾನೆಯ ಕಾರ್ಡು ಇದ್ದವರಿಗೆ ತೆರೆಯುತ್ತದೆ, ಇವರಿಗೆ ರೇಷನ್ ಅಕ್ಕಿಗೂ ಕೋರ್ಟಿನ ಆದೇಶ ಬೇಕಾಯಿತು.

ಕೊನೆಗೆ ಉಳಿಯುವ ಪ್ರಶ್ನೆ, ಎಲ್ಲ ವಾದ ಮುಗಿದ ಮೇಲೂ ಕೇಳಿಬರುವಂಥದ್ದು: ನಿಮ್ಮ ಪಕ್ಕದ ಮನೆಯಲ್ಲಿದ್ದರೆ ಒಪ್ಪುತ್ತೀರಾ? ಈಗಾಗಲೇ ಇದ್ದಾರೆ ಎಂಬುದು ಇದಕ್ಕಿರುವ ಪ್ರಾಮಾಣಿಕ ಉತ್ತರ. ಕೇರಿಯೇ ಇಲ್ಲದ ಊರಿನಲ್ಲಿ ಈ ಹೆಂಗಸರು ಉಳಿದವರಂತೆ ಅಡ್ವಾನ್ಸ್ ಕೊಟ್ಟು, ನಲ್ಲಿ ನೀರಿಗೆ ಕಾದು, ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಹೋಗಿ ಬದುಕುತ್ತಿದ್ದಾರೆ. ವೃತ್ತಿ ನಡೆಯುವುದು ಬೇರೆ ಕಡೆ, ಮನೆಯಲ್ಲಿ ಗೊತ್ತಿಲ್ಲದಿರುವುದೂ ಉಂಟು. ರಾತ್ರಿ ಗಲಾಟೆಯಾದರೆ, ಬಾಗಿಲಿಗೆ ಕುಡುಕರು ಬಂದರೆ ದೂರು ಕೊಡುವ ಹಕ್ಕು ನೆರೆಯವರಿಗಿದೆ. ಬಾರಿನ ಮೇಲೆ, ಕಲ್ಯಾಣ ಮಂಟಪದ ಲೌಡ್‌ಸ್ಪೀಕರಿನ ಮೇಲೆ ಕೊಡುವ ಹಾಗೆಯೇ. ಅದಕ್ಕೆ ಪಿಟಾ ಬೇಕಿಲ್ಲ. ಆದರೆ ಮೂರನೇ ಸೆಕ್ಷನ್ನಿಗೆ ಹೆದರಿದ ಮನೆ ಮಾಲೀಕ, ಅನುಮಾನ ಬಂದ ಕೂಡಲೇ ಬಾಡಿಗೆಗಿದ್ದವಳ ಸಾಮಾನು ಆಚೆ ಹಾಕುತ್ತಾನೆ. ಅವಳು ಊರು ಬಿಟ್ಟು ಹೋಗುವುದಿಲ್ಲ, ಇನ್ನೊಂದು ಬಡಾವಣೆಗೆ ಹೋಗುತ್ತಾಳೆ. ಹಳೆಯ ಬಡಾವಣೆಯಲ್ಲಿ ಅವಳಿಗೆ ಪರಿಚಯವಾಗಿದ್ದ ಸಂಘದ ಕಾರ್ಯಕರ್ತೆ, ಎಚ್‌ಐವಿಯ ಎಆರ್‌ಟಿ ಮಾತ್ರೆ ಸಿಗುತ್ತಿದ್ದ ಆಸ್ಪತ್ರೆ, ರಾತ್ರಿ ಫೋನ್ ಮಾಡಿದರೆ ಬರುತ್ತಿದ್ದ ಗೆಳತಿ ಎಲ್ಲವೂ ಹಿಂದೆ ಉಳಿಯುತ್ತವೆ.