ಮನೆಯಲ್ಲಿ ಹ್ಯಾಂಬರ್ಗರ್ ಮಾಂಸದ ತಯಾರಿಕೆ ಮತ್ತು ಸಂಗ್ರಹಣೆ

ಹ್ಯಾಂಬರ್ಗರ್ ಮಾಂಸವು ಯಂತ್ರದಲ್ಲಿ ಸಣ್ಣಗೆ ಕೊಚ್ಚಿದ ದನದ ಮಾಂಸವಾಗಿದೆ. ಜರ್ಮನಿಯ ಹ್ಯಾಂಬರ್ಗ್ ನಗರದ ಹೆಸರಿನಿಂದ ಈ ಪದ ಬಂದಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದನ್ನು ಬಿಲ್ಲೆಯಾಕಾರದಲ್ಲಿ ತಟ್ಟಿ, ಬೇಯಿಸಿ, ಬನ್ನಿನ ನಡುವೆ ಇಟ್ಟು ತಿನ್ನುತ್ತಾರೆ. ಕೊಚ್ಚಿದ ಮಾಂಸವು ಅಲ್ಲಿನ ಅಂಗಡಿಗಳಲ್ಲಿ ಸಿದ್ಧವಾಗಿ ದೊರೆಯುತ್ತದೆ. ಆದರೂ ಇಡಿಯ ತುಂಡನ್ನು ತಂದು ಮನೆಯಲ್ಲಿಯೇ ಕೊಚ್ಚಿಕೊಳ್ಳುವ ರೂಢಿಯೂ ಇದೆ. ಮಾಂಸದ ಭಾಗವನ್ನೂ ಕೊಬ್ಬಿನ ಪ್ರಮಾಣವನ್ನೂ ತಾವೇ ನಿರ್ಧರಿಸಬಹುದಾದುದು ಇದರ ಮುಖ್ಯ ಅನುಕೂಲ.

ಕೊಚ್ಚುವುದರಿಂದ ಆಗುವ ಬದಲಾವಣೆ

ಇಡಿಯ ತುಂಡಿನಲ್ಲಿ ರೋಗಾಣುಗಳು ಸಾಮಾನ್ಯವಾಗಿ ಹೊರಮೈಯಲ್ಲಿರುತ್ತವೆ; ಬೇಯಿಸುವಾಗ ಶಾಖವು ಮೊದಲು ತಾಗುವುದೂ ಅಲ್ಲಿಗೇ. ಕೊಚ್ಚಿದಾಗ ಹೊರಮೈ ಒಳಭಾಗದೊಡನೆ ಬೆರೆತು, ರೋಗಾಣುಗಳು ಎಲ್ಲೆಡೆ ಹರಡುತ್ತವೆ. ಕಾರ್ಖಾನೆಗಳಲ್ಲಿ ಅನೇಕ ಪ್ರಾಣಿಗಳ ಮಾಂಸವನ್ನು ಒಟ್ಟಿಗೆ ಕೊಚ್ಚುವುದರಿಂದ ಒಂದರ ಸೋಂಕು ಬಹಳಷ್ಟು ಮಾಂಸಕ್ಕೆ ತಗಲಬಹುದು. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್‌ಗಳಿಂದ ಇ. ಕೋಲಿ ಒ157:ಎಚ್7 ಎಂಬ ಬ್ಯಾಕ್ಟೀರಿಯಾ ಹರಡಿ, 700ಕ್ಕೂ ಹೆಚ್ಚು ಜನರು ಅಸ್ವಸ್ಥರಾದರು. ನಾಲ್ಕು ಮಕ್ಕಳು ಮೃತಪಟ್ಟರು. 1994ರಲ್ಲಿ ಅಲ್ಲಿನ ಕೃಷಿ ಇಲಾಖೆಯು ಕೊಚ್ಚಿದ ಹಸಿ ದನದ ಮಾಂಸದಲ್ಲಿ ಈ ಬ್ಯಾಕ್ಟೀರಿಯಾ ಇದ್ದರೆ ಅದನ್ನು ಕಲಬೆರಕೆ ಎಂದು ಪರಿಗಣಿಸಿತು. ಮನೆಯಲ್ಲಿ ಒಂದೇ ತುಂಡನ್ನು ಕೊಚ್ಚಿದರೆ ಹಲವು ಪ್ರಾಣಿಗಳ ಮಾಂಸ ಬೆರೆಯುವುದು ತಪ್ಪುತ್ತದೆ, ಆದರೆ ಅಪಾಯವು ಪೂರ್ತಿಯಾಗಿ ನೀಗುವುದಿಲ್ಲ.

ಕೊಚ್ಚುವ ವಿಧಾನ

ಭುಜದ ಭಾಗದ ಮಾಂಸವನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ. ಶೇ. 20ರಷ್ಟು ಕೊಬ್ಬಿದ್ದರೆ ಹ್ಯಾಂಬರ್ಗರ್ ಒಣಗದೆ ಮೃದುವಾಗಿರುತ್ತದೆ. ಮಾರಾಟದ ಹ್ಯಾಂಬರ್ಗರ್ ಮಾಂಸದಲ್ಲಿ ಕೊಬ್ಬು ಶೇ. 30ನ್ನು ಮೀರಬಾರದೆಂಬುದು ಅಮೆರಿಕದ ನಿಯಮ.

ಮಾಂಸವನ್ನು ಸಣ್ಣ ತುಂಡುಗಳಾಗಿ ಹೆಚ್ಚಿ, ಅಂಚು ಗಟ್ಟಿಯಾಗುವವರೆಗೆ ಫ್ರೀಜರ್‌ನಲ್ಲಿ ಇಡಲಾಗುತ್ತದೆ. ಯಂತ್ರದ ಬ್ಲೇಡು ಹಾಗೂ ತೂತುಬಿಲ್ಲೆಗಳನ್ನೂ ತಣ್ಣಗಾಗಿಸುವುದುಂಟು. ತಿರುಪು ಮಾಂಸವನ್ನು ಮುಂದಕ್ಕೆ ತಳ್ಳುತ್ತದೆ, ಬ್ಲೇಡು ಕತ್ತರಿಸುತ್ತದೆ, ಚಕ್ಕುಲಿ ಒರಳಿನಲ್ಲಿರುವಂತಹ ತೂತುಗಳಿಂದ ಅದು ಹೊರಬರುತ್ತದೆ. ಬೆಚ್ಚಗಾದರೆ ಕೊಬ್ಬು ಕರಗಿ ಮಾಂಸ ಮುದ್ದೆಯಾಗುತ್ತದೆ. ಕೈಗಳನ್ನು ಮೊದಲೂ ಆಮೇಲೂ ತೊಳೆಯಬೇಕು. ಕೆಲಸ ಮುಗಿದ ಕೂಡಲೇ ಯಂತ್ರವನ್ನು ಬಿಚ್ಚಿ, ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ತೊಳೆದು ಒಣಗಿಸಬೇಕು.

ಸಂಗ್ರಹಣೆ

ಕೊಚ್ಚಿದ ಮಾಂಸವನ್ನು ರೆಫ್ರಿಜರೇಟರಿನಲ್ಲಿ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣಾಂಶದಲ್ಲಿಟ್ಟು, ಒಂದೆರಡು ದಿನಗಳೊಳಗೆ ಬಳಸಬೇಕು. ಹೆಚ್ಚು ಕಾಲ ಇಡಬೇಕಾದರೆ ಒಂದು ಹೊತ್ತಿಗೆ ಬೇಕಾದಷ್ಟನ್ನು ಚೀಲದಲ್ಲಿ ಚಪ್ಪಟೆಯಾಗಿ ಹರಡಿ, ಗಾಳಿಯನ್ನು ಹೊರದೂಡಿ, ದಿನಾಂಕ ಬರೆದು, ಮೈನಸ್ 18 ಡಿಗ್ರಿಯಲ್ಲಿ ಇಡಲಾಗುತ್ತದೆ. ಮೂರು-ನಾಲ್ಕು ತಿಂಗಳವರೆಗೆ ಅದರ ರುಚಿ ಚೆನ್ನಾಗಿರುತ್ತದೆ. ಹೆಪ್ಪುಗಟ್ಟಿಸುವುದರಿಂದ ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲುತ್ತದೆಯೇ ಹೊರತು ಅವೆಲ್ಲವೂ ಸಾಯುವುದಿಲ್ಲ. ಆದುದರಿಂದ ಹೆಪ್ಪು ಬಿಡಿಸುವುದನ್ನೂ ಅಡುಗೆಕಟ್ಟೆಯ ಮೇಲಲ್ಲದೆ ರೆಫ್ರಿಜರೇಟರಿನೊಳಗೇ ಮಾಡಬೇಕು.

ಬೇಯಿಸುವಿಕೆ

ದನದ ಮಾಂಸದ ಇಡಿಯ ತುಂಡಿಗೆ 63 ಡಿಗ್ರಿ ಸೆಲ್ಸಿಯಸ್ ಸಾಕೆನ್ನುವ ಅಮೆರಿಕದ ಕೃಷಿ ಇಲಾಖೆಯು, ಕೊಚ್ಚಿದ ಮಾಂಸದ ನಡುಭಾಗ 71 ಡಿಗ್ರಿ ತಲುಪಬೇಕೆಂದು ಹೇಳುತ್ತದೆ. ಮಾಂಸವು ಈ ಶಾಖ ತಲುಪುವ ಮೊದಲೇ ಕಂದು ಬಣ್ಣಕ್ಕೆ ತಿರುಗಬಹುದಾದ ಕಾರಣ, ಬಣ್ಣ ನೋಡಿ ನಿರ್ಧರಿಸದೆ ಅಡುಗೆಯ ಥರ್ಮಾಮೀಟರಿನಿಂದ ಅಳೆಯುವುದು ಸೂಕ್ತ. ಕರ್ನಾಟಕದಲ್ಲಿ ಕೈಮಾ ಉಂಡೆಗೆ ಬಳಸುವ ಕುರಿಮಾಂಸದ ಕೈಮಾಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.