ಬಂಕಾಪುರದಿಂದ ಕಂಬೀಪುರಕ್ಕೆ

"ಎಲ್ಲಿಗೆ ಹೊಂಟೀರಿ?" ಎಂದು ಬಂಕಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರು ಕೇಳಿದರೂ ಉತ್ತರ ಸಲೀಸು. ಧರ್ಮಸ್ಥಳ ಅನ್ನಬಹುದು, ಉಳವಿ ಜಾತ್ರೆ ಅನ್ನಬಹುದು, ಹುಬ್ಬಳ್ಳಿ ದವಾಖಾನಿ ಅನ್ನಬಹುದು. "ವಿಸ್ಕಿ ಹೆಂಗ ಮಾಡತಾರ ನೋಡಾಕ ಹೊಂಟೇವಿ" ಅನ್ನಲು ಮಾತ್ರ ನಮ್ಮ ಕಾಕಾನ ಎದೆಗಾರಿಕೆ ಬೇಕು.

ಕಾಕಾ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದು 1994ರಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಡಾಕ್ಟರು ಕುಡಿತ ಬಿಡಿಸಿ ಒಂಬತ್ತು ವರ್ಷವಾಯಿತು. ಹಾಗಾಗಿ ಈ ಪ್ರವಾಸದ ಮಾತು ತೆಗೆದಾಗ ಮನೆಯವರೆಲ್ಲ ಹುಬ್ಬೇರಿಸಿದರು. "ಕುಡಿಯೂದಲ್ಲೋ ತಮ್ಮಾ, ನೋಡೂದು" ಎಂದರು ಕಾಕಾ. ಅದರ ಹಿಂದಿನ ಕತೆ ಇಷ್ಟು. ಲಡಾಖಿನ ಚಳಿಯಲ್ಲಿ ಕ್ಯಾಂಟೀನಿನಿಂದ ಬರುತ್ತಿದ್ದ ರಮ್ಮಿನ ಬಾಟಲಿಯ ಚೀಟಿಯಲ್ಲಿ, ತಳದ ಸಣ್ಣ ಅಕ್ಷರದಲ್ಲಿ 'ಬೆಂಗಳೂರು' ಎಂದಿರುತ್ತಿತ್ತಂತೆ. ಮನೆಯಿಂದ ಕಾಗದ ಬಾರದ ವಾರಗಳಲ್ಲಿ ಅವರು ಆ ಒಂದು ಪದವನ್ನೇ ಓದಿಕೊಂಡು ಕೂತಿದ್ದುಂಟು. "ಕನ್ನಡ ನಾಡಿಂದ ನನಗ ತಪ್ಪದ ಬರತಿದ್ದ ಟಪಾಲು ಅದೊಂದ ನೋಡು." ಆ ಟಪಾಲು ಹೊರಡುತ್ತಿದ್ದ ಊರನ್ನು ಕಣ್ಣಾರೆ ನೋಡಬೇಕು ಎಂಬುದು ಎಪ್ಪತ್ತು ದಾಟಿದ ಮೇಲೆ ಹುಟ್ಟಿದ ಹಂಬಲ.

ಹೀಗೆ ಒಂದು ಸಂಜೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾವು ದಾರಿ ಬರೆಯಲು ಕೂತೆವು. ಬಂಕಾಪುರದಿಂದ ರಾತ್ರಿ ಬಸ್ಸು, ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿದರೆ ಕಂಬೀಪುರ. ಅಮೃತ್ ಡಿಸ್ಟಿಲರೀಸ್ ಇರುವುದು ಅಲ್ಲಿ.

ಅಮೃತ್ ಶುರುವಾದದ್ದು 1948ರಲ್ಲಿ, ರಾಧಾಕೃಷ್ಣ ಜಗದಾಳೆ ಅವರಿಂದ. ಇಸವಿ ಹೇಳಿದೊಡನೆ ಕಾಕಾ ನಕ್ಕರು. ಅದೇ ಹೊತ್ತಿಗೆ ನಮ್ಮ ಕಡೆ ಏನಾಗುತ್ತಿತ್ತು ಎಂಬುದು ಅವರು ತಮ್ಮ ಅಪ್ಪನಿಂದ ಕೇಳಿ ಬಲ್ಲರು. ಬಂಕಾಪುರ ಆಗ ಧಾರವಾಡ ಜಿಲ್ಲೆಗೆ ಸೇರಿದ್ದು, ಧಾರವಾಡ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದು. 1949ರಲ್ಲಿ ಮುಂಬೈ ಪಾನನಿಷೇಧ ಕಾಯ್ದೆ ಬಂತು, ಮರುವರ್ಷದಿಂದ ಪೂರ್ತಿ ನಿಷೇಧ. ಮೈಸೂರು ಸೀಮೆಯ ಬೆಂಗಳೂರಿನಲ್ಲಿ ಭಟ್ಟಿ ಒಲೆ ಹೊತ್ತಿಸಿದ ಕಾಲಕ್ಕೆ ತುಂಗಭದ್ರೆಯ ಈಚೆ ದಡದಲ್ಲಿ ಒಲೆ ಆರಿಸುವ ಹುಕುಂ. "ಆರಿಸಿದ್ರ ಎಲ್ಲಿ ಆರತಾವು? ಹೊಲಕ್ಕ ಹೋದ್ವು" ಎಂದು ಕಾಕಾ ಕಣ್ಣು ಮಿಟುಕಿಸಿದರು. ಇತಿಹಾಸದ ಅವರ ಪಾಠ ಅಲ್ಲಿಗೆ ಮುಗಿಯಿತು.

ಅಡುಗೆಮನೆಯಿಂದ ಕಾಕುವಿನ ದನಿ ಬಂತು: "ಪಾಕೀಟಿನ ಸಾರಾಯಿ ಕುಡದು ಮನೀ ಮುಣುಗಿಸಿದವರನ್ನ ನಾ ನೋಡೇನಿ. ಅದನ್ನೂ ಬರಕೋರಿ." ಬರೆದುಕೊಂಡೆ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಆ ದಿನ ನಮ್ಮ ಓಣಿಯ ಹೆಂಗಸರು ಸಕ್ಕರೆ ಹಂಚಿದ್ದರು.

ವಿಸ್ಕಿ ಮಾಡುವ ಬಗೆ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಬಾರ್ಲಿ ಬರುವುದು ಪಂಜಾಬ್, ಹರಿಯಾಣ, ರಾಜಸ್ಥಾನದ ಕಡೆಯಿಂದ. ನಮ್ಮಲ್ಲಿ ಅದು ಕಾಯಿಲೆಯವರ ನೀರಿಗೆ ಬಿಟ್ಟರೆ ಬಳಕೆಯಿಲ್ಲ. ನೆನೆಸಿ ಮೊಳಕೆ ಬರಿಸುತ್ತಾರೆ, ಒಣಗಿಸಿ ನುಚ್ಚಾಗಿ ಒಡೆಯುತ್ತಾರೆ. ರಾಗಿ ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದ ಯಾವ ತಾಯಿಗೂ ಇದನ್ನು ಹೊಸದಾಗಿ ಹೇಳಬೇಕಿಲ್ಲ. ನುಚ್ಚಿಗೆ ಬಿಸಿನೀರು ಹಾಕಿ ಸಿಹಿ ತೆಗೆದು, ಈಸ್ಟು ಬೆರೆಸಿ ಹುಳಿ ಬರಿಸಿ, ತಾಮ್ರದ ಹಂಡೆಗಳಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಇಷ್ಟಾದಾಗ ಅದು ನೀರಿನ ಹಾಗೆ ತಿಳಿಯಾಗಿರುತ್ತದೆ, ಬಣ್ಣವಿಲ್ಲ. ಇನ್ನೂ ವಿಸ್ಕಿ ಆಗಿಲ್ಲ. ಇದೆಲ್ಲ ಆಗುವುದು ಕೆಲವೇ ದಿನಗಳಲ್ಲಿ. ನಾನು ಈ ಪ್ರವಾಸಕ್ಕೆ ಮನಸ್ಸು ಮಾಡಿದ್ದು ಇದಕ್ಕಲ್ಲ, ಆಮೇಲೆ ಬರುವ ಪೀಪಾಯಿಗಾಗಿ.

ಓಕ್ ಮರದ ಪೀಪಾಯಿಗೆ ಒಂದು ಮೊಳೆಯಿಲ್ಲ, ಒಂದು ಹನಿ ಅಂಟಿಲ್ಲ. ನಡು ಅಗಲ, ತುದಿ ಸಣ್ಣ ಮಾಡಿದ ಹಲಗೆಗಳನ್ನು ಒತ್ತಾಗಿ ನಿಲ್ಲಿಸಿ ಕಬ್ಬಿಣದ ಬಳೆ ತೊಡಿಸಿ ಬಡಿದು ಬಿಗಿದಿರುತ್ತಾರೆ. ಎಲ್ಲಾದರೂ ಸೋರಿದರೆ ಎರಡು ಹಲಗೆಗಳ ನಡುವೆ ಒಣಗಿದ ಜೊಂಡುಹುಲ್ಲಿನ ಎಸಳು ಸೇರಿಸುತ್ತಾರೆ. ಅದು ಹಸಿಯಾಗಿ ಉಬ್ಬಿ ಸಂದು ಮುಚ್ಚುತ್ತದೆ. ನಾನು ಇದನ್ನು ಹೇಳುವಾಗ ಕಾಕಾ ನೆಟ್ಟಗೆ ಕೂತರು. ಅವರ ಅಪ್ಪನ ಚಕ್ಕಡಿಯ ಗಾಲಿಗೆ ಬಡಿಗೇರರು ಹಳಿ ತೊಡಿಸುತ್ತಿದ್ದುದು ಅವರ ಕಣ್ಣಿಗೆ ಕಟ್ಟಿತ್ತು: ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾದ ಹಳಿಯನ್ನು ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ತಂದು ಗಾಲಿಗೆ ಇಳಿಸಿ, ಚೊಂಯ್ ಎಂದು ನೀರು ಸುರಿಯುವುದು. "ಕಟಗೀ ಮತ್ತ ಕಬ್ಬಣದ ಲಗ್ನ" ಎಂದರು.

ಈ ಪೀಪಾಯಿಗಳಲ್ಲಿ ಹೆಚ್ಚಿನವು ಅಮೆರಿಕದಿಂದ ಬಂದಂಥವು. ಅಲ್ಲಿ ಬರ್ಬನ್ ಎಂಬ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಆಗಬೇಕೆಂಬ ಕಾನೂನಿದೆ. ಒಮ್ಮೆ ಬಳಸಿದ್ದನ್ನು ಅವರು ಮಾರುತ್ತಾರೆ, ಉಳಿದ ಲೋಕ ಕೊಳ್ಳುತ್ತದೆ. ಸುಟ್ಟ ಮರದಿಂದಲೇ ವಿಸ್ಕಿಗೆ ಆ ಜೇನುಬಣ್ಣ, ವಾಸನೆಯ ಬಹುಪಾಲು. ಮರ ಉಸಿರಾಡುತ್ತದೆ. ಬಿಸಿಲೇರಿದಾಗ ಒಳಗಿನದು ಮರದೊಳಕ್ಕೆ ನುಗ್ಗುತ್ತದೆ, ತಂಪಾದಾಗ ಹಿಂದೆ ಸರಿಯುತ್ತದೆ, ಈ ನಡುವೆ ಒಂದಿಷ್ಟು ಹಲಗೆಯಿಂದ ಹೊರಬಿದ್ದು ಗಾಳಿಗೆ ಹೋಗುತ್ತದೆ. ಹಾಗೆ ಹೋದದ್ದನ್ನು ಸ್ಕಾಟ್‌ಲೆಂಡಿನವರು ದೇವತೆಗಳ ಪಾಲು ಎಂದು ಕರೆದು ಸಮಾಧಾನ ಮಾಡಿಕೊಂಡಿದ್ದಾರೆ. ಅವರ ಚಳಿಗೆ ಅದು ವರ್ಷಕ್ಕೆ ನೂರಕ್ಕೆ 2ರಷ್ಟು. ಸಮುದ್ರಮಟ್ಟದಿಂದ 3,000 ಅಡಿ ಎತ್ತರದ ಬೆಂಗಳೂರಿನಲ್ಲಿ ನೂರಕ್ಕೆ 10ರಿಂದ 12.

ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದರು. 200 ಲೀಟರಿನ ಪೀಪಾಯಿಯನ್ನು ನಾಲ್ಕು ವರ್ಷ ಇಟ್ಟರೆ ಸ್ಕಾಟ್‌ಲೆಂಡಿನಲ್ಲಿ 184 ಲೀಟರು ಉಳಿದೀತು, ಕಂಬೀಪುರದಲ್ಲಿ 125ರ ಸುಮಾರು. "ಇದು ಲುಕ್ಸಾನಿನ ದಂಧೆ" ಎಂದು ತೀರ್ಪು ಕೊಟ್ಟರು. ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಅದೇ ಬಿಸಿಲು ಕೆಲಸವನ್ನೂ ಬೇಗ ಮುಗಿಸುತ್ತದೆ. ಅಮೃತ್‌ನ ಮಾಸ್ಟರ್ ಬ್ಲೆಂಡರ್ ಆಗಿದ್ದ ಸುರಿಂದರ್ ಕುಮಾರ್ ಅವರ ಅಂದಾಜಿನಂತೆ ಇಲ್ಲಿನ ಒಂದು ವರ್ಷ ಸ್ಕಾಟ್‌ಲೆಂಡಿನ ಮೂರು ವರ್ಷಕ್ಕೆ ಸಮ. ಅಲ್ಲಿ ಹನ್ನೆರಡು ವರ್ಷ ಕಾಯುವುದನ್ನು ಇಲ್ಲಿ ನಾಲ್ಕೈದು ವರ್ಷಕ್ಕೆ ಬಾಟಲಿಗೆ ಇಳಿಸುತ್ತಾರೆ. ಇಳಿಸದೇ ಬಿಟ್ಟರೆ? ಒಮ್ಮೆ ಬಿಟ್ಟು ನೋಡಿದರು. ಎಂಟು ವರ್ಷವಾಗುವಷ್ಟರಲ್ಲಿ ಮುಕ್ಕಾಲು ಭಾಗದಷ್ಟು ಹಾರಿಹೋಗಿತ್ತು. ಉಳಿದದ್ದನ್ನು 2013ರಲ್ಲಿ 144 ಬಾಟಲಿ ಮಾಡಿ 'ಗ್ರೀಡಿ ಏಂಜಲ್ಸ್' ಎಂದು ಹೆಸರಿಟ್ಟರು, ಅಂದರೆ ಹಪಾಹಪಿ ದೇವತೆಗಳು. ಸಮುದ್ರ ಕಡೆದು ಬಂದದ್ದರ ಹೆಸರು ಇಟ್ಟುಕೊಂಡ ಕಂಪನಿಗೆ ದೇವತೆಗಳ ಕಾಟ ತಪ್ಪುವುದಾದರೂ ಹೇಗೆ!

ನಮ್ಮೂರಿನ ಪಕ್ಕದ ಬಾಡ ಕನಕದಾಸರ ಹುಟ್ಟೂರು. ರಾಮಧಾನ್ಯಚರಿತೆಯಲ್ಲಿ ನೆಲ್ಲಿಗೂ ರಾಗಿಗೂ ಜಗಳ ಹತ್ತಿದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ನೆಲ್ಲು ಸೊರಗಿತು, ರಾಗಿ ಗಟ್ಟಿಯಾಗಿಯೇ ಹೊರಬಂತು, ಗೆದ್ದಿತು. ಹಗೇವಿನಲ್ಲಿ ಜೋಳ ತುಂಬಿಟ್ಟ ಸೀಮೆಯವರಿಗೆ ಕೆಡದೆ ಉಳಿಯುವುದೇ ಧಾನ್ಯದ ದೊಡ್ಡ ಗುಣ. ಪೀಪಾಯಿಯ ಸೆರೆಮನೆಯ ನ್ಯಾಯ ಬೇರೆ. ಅಲ್ಲಿ ಸೊರಗಿದ್ದಕ್ಕೇ ಬೆಲೆ.

ಧಾನ್ಯದ ಜಗಳ ವಿಸ್ಕಿಯಲ್ಲೂ ಇದೆ. ನಮ್ಮ ದೇಶದಲ್ಲಿ ವಿಸ್ಕಿ ಎಂದು ಮಾರಾಟವಾಗುವ ಅಗ್ಗದ ಮಾಲಿನಲ್ಲಿ ಬಹುಪಾಲು ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ತೆಗೆದ ಮದ್ಯಸಾರ. ಧಾನ್ಯದಿಂದ ಮಾಡದ್ದನ್ನು, ಮೂರು ವರ್ಷ ಮರದಲ್ಲಿ ಇಡದ್ದನ್ನು ಯೂರೋಪಿನವರು ವಿಸ್ಕಿ ಎಂದು ಒಪ್ಪುವುದಿಲ್ಲ. ಹಾಗಿರುವಾಗ ಅಮೃತ್‌ನವರು ತಮ್ಮ ಸಿಂಗಲ್ ಮಾಲ್ಟ್, ಅಂದರೆ ಒಂದೇ ಭಟ್ಟಿಯಲ್ಲಿ ಬರೀ ಮೊಳಕೆ ಬಾರ್ಲಿಯಿಂದ ತೆಗೆದ ವಿಸ್ಕಿಯನ್ನು 2004ರ ಆಗಸ್ಟ್ 24ರಂದು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ಸ್ಥಾಪಕ ರಾಧಾಕೃಷ್ಣರ ಮಗ ನೀಲಕಂಠ ಜಗದಾಳೆ, ಅವರ ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಓದುತ್ತಿದ್ದಾಗ ಹೊಳೆದ ಸಾಹಸ ಅದು. ಹೆಸರು ಮುಚ್ಚಿಟ್ಟು ಕುಡಿಸಿದರೆ ಅಲ್ಲಿನವರು ತಮ್ಮದೇ ವಿಸ್ಕಿ ಎಂದುಕೊಂಡರಂತೆ. 2010ರ 'ವಿಸ್ಕಿ ಬೈಬಲ್' ಪುಸ್ತಕದಲ್ಲಿ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನಲ್ಲಿ ಮೂರನೆಯದು ಎಂದ ಮೇಲೆ ಊರವರೂ ತಿರುಗಿ ನೋಡಿದರು. ನೀಲಕಂಠ ಜಗದಾಳೆ 2019ರಲ್ಲಿ ತೀರಿಕೊಂಡರು.

ಕ್ಯಾಲೆಂಡರಿನ ಬೆನ್ನಿನ ಎರಡನೆಯ ಸಾಲು ಖೋಡೆ. 1906ರಿಂದ ಬೆಂಗಳೂರಿನಲ್ಲಿರುವ ಮನೆತನದ ಉದ್ಯಮ. ಇವರ ವಿಸ್ಕಿಗಿಂತ ಇವರ ವ್ಯಾಜ್ಯ ನನಗೆ ರುಚಿ. 1968ರಲ್ಲಿ 'ಪೀಟರ್ ಸ್ಕಾಟ್' ಎಂಬ ವಿಸ್ಕಿ ತಂದರು. ಹೆಸರಿನಲ್ಲಿ ಸ್ಕಾಟ್ ಇದೆ ಎಂದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ ತಕರಾರು ತೆಗೆಯಿತು. ಹೆಸರಿಟ್ಟ ಪೀಟರ್ ವಾರನ್ ಪ್ರಮಾಣಪತ್ರದಲ್ಲಿ ಹೇಳಿದ್ದು ಸೊಗಸಾಗಿದೆ: ಪೀಟರ್ ಎಂಬುದು ನನ್ನ ಹೆಸರು, ಅಪ್ಪ ಸ್ಕಾಟ್‌ಲೆಂಡಿನವನು, ಜೊತೆಗೆ ಧ್ರುವಯಾತ್ರೆಯ ಕ್ಯಾಪ್ಟನ್ ಸ್ಕಾಟ್‌ಗೆ ಪೀಟರ್ ಸ್ಕಾಟ್ ಎಂಬ ಮಗನಿದ್ದ, ಕಾಡುಪ್ರಾಣಿಗಳ ತಜ್ಞ. ಅಸೋಸಿಯೇಷನ್‌ಗೆ ಈ ಹೆಸರು ಗೊತ್ತಾದದ್ದು 1974ರಲ್ಲಿ, ಅರ್ಜಿ ಹಾಕಿದ್ದು 1986ರಲ್ಲಿ. ಇಷ್ಟು ವರ್ಷ ಸುಮ್ಮನಿದ್ದು ಈಗ ಬಂದರೆ ಹೇಗೆ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಖೋಡೆಯವರ ಪರ ತೀರ್ಪು ಕೊಟ್ಟಿತು. ಇಂಥ ವಿಸ್ಕಿ ಕೊಳ್ಳುವವರು ಓದಿದವರು, ಉಳ್ಳವರು, ಹೆಸರು ನೋಡಿ ಮೋಸಹೋಗುವವರಲ್ಲ ಎಂದೂ ಕೋರ್ಟು ಹೇಳಿತು. "ಹಂಗಾರ ಕೋರ್ಟಿನಾವ್ರು ಶಿಗ್ಗಾಂವಿ ಸಂತಿ ನೋಡಿಲ್ಲ" ಎಂದರು ಕಾಕಾ.

ಮೂರನೆಯ ಸಾಲು ಗೋವಾ. ಮುಂಡಗೋಡ, ಯಲ್ಲಾಪುರ, ಅಂಕೋಲಾ, ಕಾರವಾರ ಹಾದು ಮಾಜಾಳಿ ಗಡಿ ದಾಟಿದರೆ ಕುಂಕಳ್ಳಿ. ಅಲ್ಲಿ ಪೌಲ್ ಜಾನ್ ವಿಸ್ಕಿಯ ಭಟ್ಟಿಯಿದೆ. ಬೆಂಗಳೂರಿನದೇ ಕಂಪನಿ, ನಮ್ಮೂರ ಕಡೆ ಎಲ್ಲರೂ 'ಓಸಿ' ಎನ್ನುವ ಒರಿಜಿನಲ್ ಚಾಯ್ಸ್‌ನವರು. ಓಸಿಯಿಂದ ಹೊರಟು 2012ರಲ್ಲಿ ಲಂಡನ್ನಿನಲ್ಲಿ ಸಿಂಗಲ್ ಮಾಲ್ಟ್ ಬಿಟ್ಟರು. ಕುಂಕಳ್ಳಿಯಲ್ಲಿ ಪ್ರವಾಸಿಗಳಿಗೆಂದೇ ಜಾಗ ಮಾಡಿದ್ದಾರೆ. ದುಡ್ಡು ಕೊಟ್ಟರೆ ತಾಮ್ರದ ಹಂಡೆ, ಪೀಪಾಯಿಗಳ ಕೋಣೆ ತೋರಿಸಿ ಕೊನೆಗೆ ರುಚಿಗೂ ಕೊಡುತ್ತಾರೆ. ಸ್ಕಾಟ್‌ಲೆಂಡಿನಲ್ಲಂತೂ ನೂರಕ್ಕೂ ಹೆಚ್ಚು ಭಟ್ಟಿಗಳಿವೆ, ಸ್ಪೇಸೈಡ್‌ನಲ್ಲಿ ಒಂದರಿಂದ ಒಂದಕ್ಕೆ ಹೋಗಲು ದಾರಿಫಲಕಗಳೇ ಇವೆ. ನಮ್ಮಲ್ಲಿ ಭಟ್ಟಿಯೆಂದರೆ ಅಬಕಾರಿ ಅಧಿಕಾರಿಯ ಕಣ್ಗಾವಲಿನ ಆವರಣ. ಮೊದಲೇ ಪತ್ರ ಬರೆದು, ಒಪ್ಪಿಗೆ ಬಂದ ಮೇಲೆ ಹೊರಡಬೇಕು. ಕೋಟೆಯೊಳಗಿನ ಅರವತ್ತಾರು ಕಂಬದ ನಗರೇಶ್ವರ ಗುಡಿ, ನವಿಲುಧಾಮಗಳಿಗೇ ಜನ ಬರುವುದಿಲ್ಲವೆಂದು ಕೊರಗುವ ಬಂಕಾಪುರದವನು ನಾನು. ಆದರೂ ನನಗನ್ನಿಸುತ್ತದೆ: ಇಳಕಲ್ಲಿನ ಮಗ್ಗ ತೋರಿಸುವಷ್ಟೇ ನಿರಾಳವಾಗಿ ಪೀಪಾಯಿಗೆ ಬಳೆ ಬಡಿಯುವವನ ಕೈಚಳಕವನ್ನೂ ತೋರಿಸಬಹುದಿತ್ತು. ಕುಡಿಯದವರಿಗೂ.

ಗೋವಿನಜೋಳದ ರಾಶಿ ಮುಗಿಯಲಿ ಎಂದರು ಕಾಕಾ. ರಾಶಿ ಮುಗಿಯಿತು. ಮೊಣಕಾಲು ನೋವು ಇಳಿಯಲಿ ಎಂದರು. ಅದು ಇಳಿಯಲಿಲ್ಲ. ರಾತ್ರಿ ಬಸ್ಸಿನ ಸೀಟು ನಾನು ಇನ್ನೂ ತೆಗೆಸಿಲ್ಲ.

ಹೋದ ಭಾನುವಾರ ಕಾಕಾ ಟ್ರಂಕು ತೆಗೆಸಿದರು. ಕಂಬಳಿಯ ಮಡಿಕೆಯಲ್ಲಿ ಒಂದು ಬಾಟಲಿ. ನಿವೃತ್ತರಾಗಿ ಬರುವಾಗ ತಂದದ್ದು, ಸೈನಿಕರಿಗೆ ಮಾತ್ರ ಎಂಬ ಇಂಗ್ಲಿಷ್ ಬರಹ ಮಾಸಿದೆ, ಮುಚ್ಚಳದ ಸೀಲು ಒಡೆದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರು. ಒಳಗಿನ ರಮ್ಮು ಕತ್ತಿನಿಂದ ಎರಡು ಬೆರಳು ಕೆಳಗೆ ಇಳಿದಿತ್ತು. ಚೀಟಿಯ ಅಂಚಿನಲ್ಲಿ ಬಾಲ್‌ಪೆನ್ನಿನ ಮೂರು ಗೆರೆ, ಒಂದರ ಕೆಳಗೊಂದು, ಪ್ರತಿಯೊಂದರ ಪಕ್ಕ ಇಸವಿ. ನನ್ನ ಜೇಬಿನ ಪೆನ್ನು ಇಸಿದುಕೊಂಡು ನಾಲ್ಕನೆಯ ಗೆರೆ ಎಳೆದರು. ಕೈ ಸ್ವಲ್ಪ ನಡುಗಿ ಗೆರೆ ಓರೆಯಾಯಿತು. "ಸಾಕು, ಒಳಗ ಇಡು" ಎಂದರು. ಬೆಂಗಳೂರು ಎಂದಿದ್ದ ಸಣ್ಣ ಅಕ್ಷರ ಮೇಲೆ ಬರುವಂತೆ ಬಾಟಲಿಯನ್ನು ಕಂಬಳಿಯಲ್ಲಿ ಮಲಗಿಸಿದೆ.